ಎಂಟು ಹೆಜ್ಜೆ ಆಚೆಗಿನ ಗುಂಡಿ

ನಮ್ಮ ದೊಡ್ಡಪ್ಪನಿಗೆ ಊರು ಇಟ್ಟ ಹೆಸರು ಪಾತಾಳ. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಎದುರಿಗೇ ಕರೆಯುತ್ತಾರೆ, ಅವರೂ ಓಗೊಡುತ್ತಾರೆ. ಬಾವಿ ತೋಡುವುದು ಅವರ ಕಸುಬು. ಅರವತ್ತೆಂಟು ವರ್ಷದ ಬದುಕಿನಲ್ಲಿ ಅರ್ಧದಷ್ಟನ್ನು ನೆಲದ ಕೆಳಗೇ ಕಳೆದಿದ್ದಾರೆ. ಕುಳ್ಳ ದೇಹ, ಅಗಲ ಭುಜ, ನಡೆಯುವಾಗ ಕಣ್ಣು ಸದಾ ನೆಲದ ಮೇಲೆ. ಎದುರು ಬಂದವರನ್ನು ಮುಖ ನೋಡಿ ಅಲ್ಲ, ಚಪ್ಪಲಿ ನೋಡಿ ಮಾತಾಡಿಸುತ್ತಾರೆ. ಹೊಸ ಮಣ್ಣು ಸಿಕ್ಕಿದರೆ ಮೂಸುತ್ತಾರೆ, ನಾಲಿಗೆಯ ತುದಿಗೆ ಹಚ್ಚಿಕೊಂಡು ಕಣ್ಣು ಮುಚ್ಚುತ್ತಾರೆ. "ನನ್ನ ಅಡಿಗೆಗೆ ಒಂದು ದಿನವೂ ಹೀಗೆ ಕಣ್ಣು ಮುಚ್ಚಿದವರಲ್ಲ" ಎಂಬುದು ದೊಡ್ಡಮ್ಮನ ಹಳೆಯ ದೂರು.

ಅವರಿಗೆ ಜಗತ್ತೆಲ್ಲ ಕೆಳಮುಖವಾಗಿಯೇ ಇದೆ. ಎರಡು ತೋಳು ಚಾಚಿದರೆ ಒಂದು ಮಾರು. ಅವರ ಅಳತೆಯೆಲ್ಲ ಮಾರಿನಲ್ಲಿ. ಪರವೂರಿನವರೊಬ್ಬರು ಕ್ಷೌರದಂಗಡಿ ಎಷ್ಟು ದೂರ ಅಂತ ಕೇಳಿದಾಗ "ನಲವತ್ತು ಮಾರು ಆಳ" ಎಂದು ಹೇಳಿ ಆ ಮನುಷ್ಯನನ್ನು ಹೆದರಿಸಿದ್ದರು. ಕಾಲವನ್ನೂ ಹಾಗೆಯೇ ಅಳೆಯುತ್ತಾರೆ. ಒಂದು ಮಾರು ಕೆಳಗಿಳಿದರೆ ಮುನ್ನೂರು ವರ್ಷ ಹಿಂದೆ ಹೋದಂತೆ, ಇದು ಅವರದೇ ಲೆಕ್ಕ, ಯಾವ ಪುಸ್ತಕದಲ್ಲೂ ಇಲ್ಲ. ಒಮ್ಮೆ ಬೇಸಿಗೆ ರಜೆಯಲ್ಲಿ ಶಾಲೆಯ ಹಿಂದೆ ಒಂದು ಸಸಿ ನೆಡಲು ಹೋಗಿ ಮೂರಾಳು ಆಳದ ಗುಂಡಿ ತೋಡಿಟ್ಟಿದ್ದರಂತೆ. ಕೇಳಿದರೆ "ಕೈ ನಿಲ್ಲಲಿಲ್ಲ" ಅಂದರಂತೆ. ಇವತ್ತು ಆ ಮರ ಊರಿಗೇ ಎತ್ತರ. ನಮ್ಮೂರಿನ ಕ್ಷೌರಿಕ ಈ ಕಥೆಯನ್ನು ಗಡ್ಡಕ್ಕೆ ಸೋಪು ಹಚ್ಚಿದ ಪ್ರತಿಯೊಬ್ಬರಿಗೂ ಹೇಳುತ್ತಾನೆ, ಏಕೆಂದರೆ ಆಗ ಅವರು ಬಾಯಿ ಬಿಡುವ ಹಾಗಿರುವುದಿಲ್ಲ.

ನಾನು ಅವರ ತಮ್ಮನ ಮಗಳು. ಊರಿನ ಪುಸ್ತಕಾಲಯ ನೋಡಿಕೊಳ್ಳುತ್ತೇನೆ. ಪುಸ್ತಕಾಲಯ ಅಂದರೆ ಒಂದೂವರೆ ಬೀರು. ಇನ್ನರ್ಧ ಬೀರುವಿನಲ್ಲಿ ಊರವರ ಕೊಡೆ, ಚೀಲ, ಮರೆತು ಹೋದ ಕನ್ನಡಕ ಇರುತ್ತವೆ. ಅಲ್ಲಿರುವ ಯಾವ ಪುಸ್ತಕದಲ್ಲೂ ನಮ್ಮೂರಿನ ಬಗ್ಗೆ ಒಂದು ಸಾಲಿಲ್ಲ. ಅದು ನನಗೆ ಮೊದಲಿನಿಂದಲೂ ಹೊಟ್ಟೆಯುರಿಯ ವಿಷಯ.

ಊರಾದರೂ ಎಷ್ಟಿದೆ! ಒಂದೇ ಬೀದಿ, ಅದರ ಎರಡು ಕಡೆ ಸೇರಿ ಅರವತ್ತು ಚಿಲ್ಲರೆ ಮನೆ. ಬೀದಿ ನೆಟ್ಟಗಿಲ್ಲ, ಕುಡುಗೋಲಿನ ಹಾಗೆ ಬಾಗಿದೆ. ಯಾಕೆ ಬಾಗಿದೆ ಅಂತ ಕೇಳಿದರೆ, ಮೊದಲು ಮನೆ ಕಟ್ಟಿದವನು ಕುಡಿದಿದ್ದ ಅನ್ನುತ್ತಾರೆ. ಬೀದಿಯ ಒಂದು ಮಗ್ಗುಲು ಮೇಲುಸಾಲು, ಇನ್ನೊಂದು ಕೆಳಸಾಲು. ಊರಿನ ಒಂಬತ್ತು ಬಾವಿಗಳೂ ಕೆಳಸಾಲಿನಲ್ಲೇ ಇವೆ. ಮೇಲುಸಾಲಿನ ಹೆಂಗಸರು ಕೊಡ ಹೊತ್ತು ಬೀದಿ ದಾಟಿ ಬರಬೇಕು. ದೊಡ್ಡಮ್ಮನ ಮನೆ ಮೇಲುಸಾಲಿನಲ್ಲಿ. "ಬಾವಿ ತೋಡೋನ ಹೆಂಡತಿ ನಾನು, ನಲವತ್ನಾಲ್ಕು ವರ್ಷದಿಂದ ಬೀದಿ ದಾಟಿ ನೀರು ಹೊರ್ತಿದೀನಿ" ಎಂದು ಅವರು ಹೇಳದ ದಿನವಿಲ್ಲ. ಕೆಳಸಾಲಿನ ಹಿಂದಿನ ಗದ್ದೆಗಳಿಗೆ ಹೊಳೆಪಟ್ಟಿ ಅಂತ ಹೆಸರು. ಹೊಳೆ ಇರುವುದು ಅಲ್ಲಿಂದ ಎರಡು ಗಂಟೆಯ ನಡಿಗೆಯಾಚೆ. ಬೀದಿಯ ಬಾಗಿನಲ್ಲಿ ಒಂದು ದೊಡ್ಡ ಕಲ್ಲಿದೆ, ಅದರ ಕೊರಳಿನ ಸುತ್ತ ಆಳವಾದ ಗೀರು. ಅದನ್ನು ದೋಣಿಕಟ್ಟೆ ಅನ್ನುತ್ತಾರೆ. ದೋಣಿ ನೋಡಿದವರು ಊರಿನಲ್ಲಿ ಒಬ್ಬರೂ ಇಲ್ಲ, ಅದರ ಮೇಲೆ ಕುಡುಗೋಲು ಮಸೆಯುತ್ತಾರೆ ಅಷ್ಟೆ.

ಆ ಕಲ್ಲಿನ ಪಕ್ಕದಲ್ಲೇ ಬಾಗಿನ ಬಾವಿ. ಅದು ನಮ್ಮಜ್ಜ, ಅಂದರೆ ದೊಡ್ಡಪ್ಪನ ಅಪ್ಪ, ತೋಡಿದ ಮೊದಲ ಬಾವಿ. ನಮ್ಮ ಮನೆತನದವರು ಒಂದು ಬಾವಿಯಲ್ಲಿ ನೀರು ಕಂಡ ದಿನ ಬಾಗಿನ ಬಾವಿಯ ಕಟ್ಟೆಗಲ್ಲಿನ ಮೇಲೆ ಉಳಿಯಿಂದ ಹೆಬ್ಬೆರಳಿನಷ್ಟು ಒಂದು ಗುಳಿ ಕೊರೆಯುತ್ತಿದ್ದರು. ಮೇಲಿನ ಸಾಲಿನಲ್ಲಿ ಅಜ್ಜನ ಇಪ್ಪತ್ತೊಂಬತ್ತು ಗುಳಿ, ಕೆಳಗಿನ ಸಾಲಿನಲ್ಲಿ ದೊಡ್ಡಪ್ಪನ ನಲವತ್ತೊಂದು. ಸುತ್ತಲಿನ ಹತ್ತೂರಿಗೂ ಒಂದೇ ಮಾತು: ಈ ಮನೆಯವರು ಹಾರೆ ಹಾಕಿದರೆ ನೀರು ಬಂತೆಂದೇ ಲೆಕ್ಕ, ಒಣಬಾವಿ ಎಂಬುದು ಇವರಿಗೆ ಗೊತ್ತೇ ಇಲ್ಲ. ಅಜ್ಜ ಸಾಯುವ ಮುಂಚೆ ದೊಡ್ಡಪ್ಪನಿಗೆ ಹೇಳಿದ್ದು ಒಂದೇ ಬುದ್ಧಿಮಾತು, "ಮೇಲುಸಾಲಲ್ಲಿ ಮಾತ್ರ ಕೈ ಹಾಕಬೇಡ." ಯಾಕೆ ಅಂತ ಹೇಳಲಿಲ್ಲ.

ಹೀಗಿರುವಾಗ ನಲ್ಲಿ ನೀರಿನ ಯೋಜನೆ ಬಂತು. ಮನೆಮನೆಗೂ ನಲ್ಲಿ! ಊರು ಕುಣಿದಾಡಿತು. ದೊಡ್ಡಮ್ಮನಂತೂ ನಲ್ಲಿ ಎಲ್ಲಿ ಬರಬೇಕು ಅಂತ ಗೋಡೆಗೆ ಮಸಿಯಲ್ಲಿ ಗುರುತು ಹಾಕಿಟ್ಟರು. ಅದರ ಬೆನ್ನಿಗೇ ಒಂದು ನೋಟೀಸು ಪುಸ್ತಕಾಲಯದ ಬಾಗಿಲಿಗೆ ಅಂಟಿತು. ತೆರೆದ ಬಾವಿಗಳಿಂದ ಅಪಾಯ, ಎರಡು ಕರು ಬಿದ್ದು ಸತ್ತಿವೆ, ಆದ್ದರಿಂದ ಹದಿನೈದು ದಿನದಲ್ಲಿ ಎಲ್ಲ ಬಾವಿಗಳನ್ನೂ ಮುಚ್ಚಲಾಗುವುದು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು. ಊರಿನ ಚರಿತ್ರೆಗೆ ಸಂಬಂಧಪಟ್ಟದ್ದೆಂದು ತೋರಿಸಿಕೊಟ್ಟಲ್ಲಿ ಒಂದು ಬಾವಿಯನ್ನು ಕಬ್ಬಿಣದ ಜಾಲರಿ ಹಾಕಿ ಉಳಿಸಲಾಗುವುದು.

ನಾನು ಅದನ್ನು ಓದಿ ಹೇಳಿದಾಗ ದೊಡ್ಡಪ್ಪ ಮೊದಲು ಕೂತರು, ಆಮೇಲೆ ಎದ್ದು ನಿಂತರು.

"ಬಾಗಿನ ಬಾವಿ ಮುಚ್ಚಿದ್ರೆ ಕಟ್ಟೆಗಲ್ಲು?"

"ಅದನ್ನೂ ಒಡೆದು ಒಳಗೇ ಹಾಕ್ತಾರಂತೆ ದೊಡ್ಡಪ್ಪ."

"ಎಪ್ಪತ್ತು ಗುಳಿ ಇದೆ ಅದರ ಮೇಲೆ. ನಾನೂ ಅಪ್ಪನೂ ಬದುಕಿದ್ವಿ ಅನ್ನೋದಕ್ಕೆ ಇನ್ನೇನಿದೆ ಹೇಳು?"

ಅವರ ಧ್ವನಿ ಒಡೆಯಿತು. ಆದರೆ ದೊಡ್ಡಪ್ಪ ಬಹಳ ಹೊತ್ತು ದುಃಖಪಡುವ ಜಾತಿಯೇ ಅಲ್ಲ. ಅರ್ಧ ಲೋಟ ಟೀ ಮುಗಿಯುವುದರೊಳಗೆ ಕಣ್ಣು ಮಿನುಗಿತು. "ಚರಿತ್ರೆ ತಾನೆ ಬೇಕು? ಚರಿತ್ರೆ ಕೆಳಗಿದೆ. ತೋಡಿದ್ರೆ ಆಯ್ತು."

ಯೋಜನೆ ಸರಳವಾಗಿತ್ತು. ಬಾವಿಯೊಳಗಿನ ಮಣ್ಣು ಅಜ್ಜನ ಕಾಲದಲ್ಲೇ ಹೊರಗೆ ಹೋಗಿದೆ, ಅಲ್ಲಿ ಏನೂ ಸಿಗುವುದಿಲ್ಲ. ಆದ್ದರಿಂದ ಬಾವಿಯ ಪಕ್ಕದಲ್ಲಿ ಹೊಸ ಗುಂಡಿ ತೋಡಬೇಕು, ಹಳೆಯ ಕಾಲದ ಮಡಕೆಯೋ ಪಾತ್ರೆಯೋ ಸಿಗಬೇಕು, ಊರು ಸಾವಿರ ವರ್ಷದ್ದು ಅಂತ ನಲ್ಲಿ ಯೋಜನೆಯ ಇಂಜಿನಿಯರ್ ಮೇಡಂಗೆ ತೋರಿಸಬೇಕು. ಬಾವಿಯ ಗೋಡೆಗೆ ಧಕ್ಕೆಯಾಗಬಾರದೆಂದು ಮೇಲುಸಾಲಿನ ದಿಕ್ಕಿಗೆ ಎಂಟು ಹೆಜ್ಜೆ ಅಳೆದು, ಬೀದಿಯಾಚೆಯ ಒಂದು ಖಾಲಿ ಜಾಗದಲ್ಲಿ ಗೆರೆ ಹಾಕಿದರು.

"ಮೇಲುಸಾಲಿನ ಕಡೆ ಕೈ ಹಾಕಬೇಡ ಅಂದಿದ್ರಲ್ಲ ಅಜ್ಜ?" ಅಂದೆ.

"ನೀರಿಗೆ ಹಾಕಬೇಡ ಅಂದಿದ್ದು. ಇದು ಚರಿತ್ರೆಗೆ."

ಮಾರನೆಯ ದಿನದಿಂದ ನಮ್ಮೂರಿಗೆ ಬೇರೆ ಕೆಲಸವೇ ಇಲ್ಲದಂತಾಯಿತು. ದೊಡ್ಡಪ್ಪ ಕೆಳಗೆ, ರಾಟೆಯ ಹಗ್ಗ ಎಳೆಯಲು ಮೇಲೆ ನಾನು ಮತ್ತು ಕ್ಷೌರಿಕ, ಬುಟ್ಟಿ ಬಗ್ಗಿಸಲು ದೊಡ್ಡಮ್ಮ. ಗಡ್ಡ ಮಾಡಿಸಲು ಬಂದವರೂ ಅಲ್ಲೇ ನಿಂತು ಅರ್ಧ ಗಡ್ಡದಲ್ಲಿ ಸಲಹೆ ಕೊಡುತ್ತಿದ್ದರು. ಮತ್ತು ಏನಾಶ್ಚರ್ಯ, ಗುಂಡಿ ಸರಸರನೆ ಇಳಿಯಿತು! ಮೊದಲ ದಿನ ಸೊಂಟದವರೆಗೆ, ಮೂರನೆಯ ದಿನ ತಲೆ ಕಾಣಲಿಲ್ಲ. ದೊಡ್ಡಪ್ಪ ಕೆಳಗಿಂದಲೇ ಕೂಗುತ್ತಿದ್ದರು.

"ನೋಡ್ರೋ ಈ ತೋಳು! ಅರವತ್ತೆಂಟಕ್ಕೂ ಹಾರೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳೀತಿದೆ!"

"ನಿಮಗೆ ಬಲ ಬಂದಿದ್ದಾ, ಮಣ್ಣಿಗೆ ಬಲ ಹೋಗಿದ್ದಾ, ಸ್ವಲ್ಪ ನೋಡಿಕೊಳ್ಳಿ" ಎಂದು ದೊಡ್ಡಮ್ಮ ಮೇಲಿಂದ ಕೂಗಿದರು.

ಆ ಮಾತಿಗೆ ದೊಡ್ಡಪ್ಪ ಕಿವಿಗೊಟ್ಟಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ನಲವತ್ತೊಂದು ಬಾವಿ ತೋಡಿದ ಮನುಷ್ಯನಿಗೆ, ಕೈಯಿಟ್ಟರೆ ಕುಸಿಯುವ ಮಣ್ಣು ಯಾಕೆ ಹಾಗಿದೆ ಎಂದು ಗೊತ್ತಾಗಲಿಲ್ಲವೇ? ಗೊತ್ತಾಗಲಿಲ್ಲ. ತನ್ನ ತೋಳಿನ ಮೇಲೆ ಅಷ್ಟು ಹೆಮ್ಮೆಯಿತ್ತು, ಮಣ್ಣನ್ನು ಮೂಸುವುದನ್ನೇ ಮರೆತಿದ್ದರು.

ಎಂಟನೆಯ ದಿನ, ಮೂರೂವರೆ ಮಾರು ಆಳದಲ್ಲಿ ಹಾರೆಗೆ ಠಣ್ ಎಂದು ಏನೋ ತಗುಲಿತು. ಕ್ಷೌರಿಕ ಹಗ್ಗ ಬಿಟ್ಟೇಬಿಟ್ಟ, ಬುಟ್ಟಿ ದೊಡ್ಡಪ್ಪನ ತಲೆಯ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅವರಿಗೆ ಅದರ ಪರಿವೆಯೇ ಇಲ್ಲ. "ಸಿಕ್ತು! ಸಿಕ್ತು! ಮೇಲೆ ಎಳೀರೋ!" ಏಣಿ ಹತ್ತಿ ಬಂದಾಗ ಕೈಯಲ್ಲಿ ಮೊಳಕೈಯುದ್ದದ, ಮಣ್ಣು ಮೆತ್ತಿದ ಕಬ್ಬಿಣದ ವಸ್ತು. ತುದಿಯಲ್ಲಿ ಬಟ್ಟಲಿನಂತೆ ಗುಂಡಗೆ, ಹಿಡಿ ಮೂರು ಸುತ್ತು ತಿರುಚಿದ್ದು.

"ಮೂರೂವರೆ ಮಾರು," ದೊಡ್ಡಪ್ಪನ ಏದುಸಿರು ನಿಲ್ಲುತ್ತಿರಲಿಲ್ಲ. "ಮಾರಿಗೆ ಮುನ್ನೂರು. ಸಾವಿರದ ಐವತ್ತು ವರ್ಷ! ಕೇಳಿದ್ರಾ? ಸಾವಿರದ ಐವತ್ತು!"

ಬೀದಿ ಸಿಡಿದೆದ್ದಿತು. ಯಾರೋ ಅದನ್ನು ದೀಪದ ಕಂಬ ಅಂದರು, ಯಾರೋ ಯುದ್ಧದ ಆಯುಧ ಅಂದರು, ಕ್ಷೌರಿಕ ರಾಜರ ಕಾಲದ ಕ್ಷೌರದ ಬಟ್ಟಲು ಅಂದ. ಸಾವಿರ ವರ್ಷದ ಊರು! ನಮ್ಮ ಊರು! ನಾನು ಆಗಲೇ ಮನಸ್ಸಿನಲ್ಲಿ ಪುಸ್ತಕದ ಮೊದಲ ಸಾಲು ಬರೆಯುತ್ತಿದ್ದೆ.

ದೊಡ್ಡಮ್ಮ ಅದನ್ನು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಹಿಡಿಯನ್ನು ಬೆರಳಿನಿಂದ ಸವರಿ, ಸೀದಾ ಮನೆಯ ಕಡೆ ನಡೆದರು. ನಾವೆಲ್ಲ ಅವರ ಹಿಂದೆ.

ಅವರ ಅಡಿಗೆಮನೆಯ ಗೋಡೆಗೆ ಒಂದು ಉದ್ದನೆಯ ಹಲಗೆ, ಅದಕ್ಕೆ ಆರು ಮೊಳೆ. ಐದು ಮೊಳೆಗಳಲ್ಲಿ ನಮ್ಮಜ್ಜಿಯ ಕಾಲದ ಐದು ಕಬ್ಬಿಣದ ಸೌಟುಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತವೆ. ನಾಲ್ಕನೆಯ ಮೊಳೆ ನಾನು ಹುಟ್ಟಿದಾಗಿನಿಂದ ಖಾಲಿ. ದೊಡ್ಡಮ್ಮ ಸಾವಿರದ ಐವತ್ತು ವರ್ಷ ಹಳೆಯ ವಸ್ತುವನ್ನು ಆ ಮೊಳೆಗೆ ತೂಗುಹಾಕಿದರು. ಅದೇ ತಿರುಚು, ಅದೇ ತೂತು. ಮೂರನೆಯದಕ್ಕಿಂತ ಒಂದು ಬೆರಳು ದೊಡ್ಡದು, ಐದನೆಯದಕ್ಕಿಂತ ಒಂದು ಬೆರಳು ಚಿಕ್ಕದು.

"ಅತ್ತೆ ಸೌಟು," ಅಂದರು ದೊಡ್ಡಮ್ಮ. "ಅವರು ಹೊಸ ಸೊಸೆಯಾಗಿ ಬಂದಾಗ, ಬಾವಿ ತೋಡ್ತಿದ್ದ ಗಂಡನಿಗೆ ಊಟ ತಗೊಂಡು ಹೋಗಿ ಕೈಜಾರಿ ಬೀಳಿಸಿದ್ದು. ಸಾಯೋವರೆಗೂ ಹೇಳ್ತಿದ್ರು, ಬಾವಿಗೆ ಬಿದ್ದ ಒಂದು ಸೌಟು ತೆಗೆದುಕೊಡೋಕೆ ನಿಮ್ಮ ಮಾವನ ಕೈಲಿ ಆಗಲಿಲ್ಲ ಅಂತ."

ಹೊಟ್ಟೆ ಹುಣ್ಣಾಗುವಂತೆ ನಕ್ಕರು ಜನ. ಕ್ಷೌರಿಕ ಅಡಿಗೆಮನೆಯ ಹೊಸ್ತಿಲ ಮೇಲೇ ಕೂತುಬಿಟ್ಟ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ನಗದವರು ದೊಡ್ಡಪ್ಪ ಒಬ್ಬರೇ. ಅವರ ಮುಖ ಗೋಡೆಯಷ್ಟು ಬೆಳ್ಳಗಾಗಿತ್ತು.

"ಪ್ರತಿ ವರ್ಷ ಬಾಗಿನ ಬಾವಿ ಹೂಳು ತೆಗೆಯುವಾಗ ನಾನು ಆ ಸೌಟು ಹುಡುಕ್ತಿದ್ದೆ," ಅಂದರು ಮೆಲ್ಲಗೆ. "ಐವತ್ತು ವರ್ಷ ಹುಡುಕಿದೀನಿ. ಸಿಗಲಿಲ್ಲ. ಯಾಕಂದ್ರೆ ಅದು ಆ ಬಾವಿಗೆ ಬಿದ್ದೇ ಇರಲಿಲ್ಲ."

ನಗು ನಿಂತಿತು. ಸೌಟು ಸಿಕ್ಕಿದ್ದು ಬಾವಿಯಿಂದ ಎಂಟು ಹೆಜ್ಜೆ ಆಚೆ. ಮೂರೂವರೆ ಮಾರು ಆಳದಲ್ಲಿ. ಸಡಿಲ ಮಣ್ಣಿನಲ್ಲಿ. ಅಂದರೆ ಅಲ್ಲಿ ಮುಂಚೆಯೇ ಒಂದು ಗುಂಡಿ ಇತ್ತು. ತೋಡಿದವರು ಅಜ್ಜ. ನೀರು ಬರಲಿಲ್ಲ. ಯಾರಿಗೂ ಹೇಳದೆ ಮುಚ್ಚಿದರು, ಆ ಅವಸರದಲ್ಲಿ ಬಿದ್ದ ಸೌಟನ್ನೂ ತೆಗೆಯದೆ. ಆಮೇಲೆ ಎಂಟು ಹೆಜ್ಜೆ ಈಚೆಗೆ ಬಂದು ತೋಡಿದ್ದು ಬಾಗಿನ ಬಾವಿ. ಆಗ ಬಾಗಿನಲ್ಲಿ ಮನೆಗಳಿರಲಿಲ್ಲ, ನೋಡಿದವರೂ ಇರಲಿಲ್ಲ. ಅಜ್ಜಿಗೆ ಗೊತ್ತಿತ್ತು. ಗೊತ್ತಿದ್ದೂ ಸೌಟು ಬಾವಿಗೆ ಬಿತ್ತು ಅಂದಳೇ ಹೊರತು ಯಾವ ಬಾವಿ ಅಂತ ಬಾಯಿಬಿಡಲಿಲ್ಲ.

ಆ ದಿನ ದೊಡ್ಡಪ್ಪ ಊಟ ಮಾಡಲಿಲ್ಲ. ಇನ್ನು ಒಂದು ವಾರಕ್ಕೆ ಬಾವಿ ಮುಚ್ಚುವವರು ಬರುತ್ತಾರೆ, ಚರಿತ್ರೆಯ ಹೆಸರಿನಲ್ಲಿ ಕೈಯಲ್ಲಿರುವುದು ಒಂದು ಸೌಟು, ಅದರ ಮೇಲೆ ಅಪ್ಪನ ಮರ್ಯಾದೆ ಬೇರೆ ಹೋಯಿತು. ನಾನು ಸಮಾಧಾನ ಹೇಳಲು ಹೋಗಿ ಬೈಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಪುಸ್ತಕಾಲಯದ ಬಾಗಿಲು ದಡದಡ ಬಡಿದರು. ತೆರೆದರೆ ದೊಡ್ಡಪ್ಪ, ತಲೆಯಿಂದ ಕಾಲಿನವರೆಗೆ ಒದ್ದೆ. ನನ್ನ ಮೇಜಿನ ಮೇಲೆ ಎರಡು ಹಿಡಿ ಸುರಿದರು. ಒಂದು ಹಿಡಿ ಹಳದಿ ಜೇಡಿಮಣ್ಣು, ಅಂಟು ಅಂಟು. ಇನ್ನೊಂದು ಮರಳು ಮತ್ತು ನುಣುಪಾದ ಗುಂಡು ಕಲ್ಲುಗಳು.

"ಇದು ಅಪ್ಪನ ಒಣಗುಂಡಿಯ ತಳ. ಇದು ಬಾವಿ ಗೋಡೆ. ಎಂಟು ಹೆಜ್ಜೆ, ಅಷ್ಟೇ! ಈ ಕಲ್ಲು ಮುಟ್ಟು. ಇಷ್ಟು ನುಣುಪಾಗಬೇಕಾದ್ರೆ ಎಷ್ಟು ವರ್ಷ ನೀರಲ್ಲಿ ಉರುಳಿರಬೇಕು?"

"ಹೊಳೆಯಲ್ಲಿ ಇರೋ ಥರದ ಕಲ್ಲು," ಅಂದೆ.

"ಹೊಳೆಯಲ್ಲಿ! ಹೊಳೆಯಲ್ಲಿ ಕಣೇ! ಬಾವಿ ಇರೋದು ಹೊಳೆಯೊಳಗೆ. ಗುಂಡಿ ಇರೋದು ದಡದ ಮೇಲೆ. ಮಧ್ಯದಲ್ಲಿ ಏನಿದೆ?"

ನನಗೆ ಹೊಳೆದಾಗ ಮೈ ಜುಂ ಎಂದಿತು. ಮಧ್ಯದಲ್ಲಿ ಬೀದಿ. ನಮ್ಮ ಸೊಟ್ಟ ಬೀದಿ! ನಾವಿಬ್ಬರೂ ಹೊರಗೆ ಓಡಿದೆವು, ಪುಸ್ತಕಾಲಯಕ್ಕೆ ಬೀಗ ಹಾಕುವುದನ್ನೂ ಮರೆತು. ದೊಡ್ಡಪ್ಪ ಬೀದಿಯ ಈ ತುದಿಯಿಂದ ಆ ತುದಿಗೆ ಕೈ ಚಾಚಿಕೊಂಡು ಓಡುತ್ತಿದ್ದರು. ಜನ ಕಿಟಕಿಯಿಂದ ಇಣುಕಿದರು. "ಬೀದಿ ಬಾಗಿದ್ದು ಹೊಳೆ ಬಾಗಿದ್ದಕ್ಕೆ! ಯಾರೂ ಕುಡಿದಿದ್ದಕ್ಕಲ್ಲ!" ಹೊಳೆಪಟ್ಟಿಗೆ ಆ ಹೆಸರು ಬಂದದ್ದು ಅಲ್ಲಿ ಹೊಳೆ ಹರಿದಿದ್ದಕ್ಕೆ. ದೋಣಿಕಟ್ಟೆಯ ಕಲ್ಲಿನ ಕೊರಳಿನ ಗೀರು ಕುಡುಗೋಲಿನದಲ್ಲ, ಹಗ್ಗದ್ದು. ನಮ್ಮ ಹಿರಿಯರು ಅಲ್ಲಿ ದೋಣಿ ಕಟ್ಟಿದ್ದರು. ಆಮೇಲೆ ಯಾವುದೋ ಕಾಲದಲ್ಲಿ ಹೊಳೆ ಹಾಸಿಗೆ ಬದಲಿಸಿ ಎರಡು ಗಂಟೆಯ ನಡಿಗೆಯಷ್ಟು ಆಚೆ ಹೋಯಿತು. ಊರು ದಡದ ಮೇಲೆ ಇದ್ದಲ್ಲೇ ಉಳಿಯಿತು. ಕೆಳಸಾಲಿನ ಬಾವಿಗಳಲ್ಲಿ ನಾವು ಈವರೆಗೆ ಕುಡಿದದ್ದು ಆ ಹೋದ ಹೊಳೆಯ ಮರಳಿನ ನೀರು. ನನಗಂತೂ ಅಳು ಬಂದುಬಿಟ್ಟಿತು. ಒಂದೂವರೆ ಬೀರು ಪುಸ್ತಕದಲ್ಲಿ ಸಿಗದ ನಮ್ಮ ಊರಿನ ಚರಿತ್ರೆ ಬೀದಿಯಲ್ಲೇ ಬರೆದಿಟ್ಟ ಹಾಗಿತ್ತು.

ಬಾವಿ ಮುಚ್ಚುವ ಹಿಂದಿನ ದಿನ ಇಂಜಿನಿಯರ್ ಮೇಡಂ ಬಂದರು. ಚಿಕ್ಕ ವಯಸ್ಸು, ಬೂಟಿಗೆ ಮಣ್ಣಾಗುವುದಕ್ಕೆ ಹೆದರದ ಹೆಂಗಸು. ಹಿಂದೆ ಇಬ್ಬರು ಕೆಲಸಗಾರರು, ಅವರ ಕೈಯಲ್ಲಿ ಮಣ್ಣು ಕೊರೆದು ನೋಡುವ ಉದ್ದನೆಯ ಕೈಬೈರಿಗೆ. ಇಡೀ ಬೀದಿ ಬಾವಿಯ ಸುತ್ತ ನೆರೆದಿತ್ತು. ದೊಡ್ಡಪ್ಪ ಎಲ್ಲ ಹೇಳಿದರು. ಸೌಟಿನ ಕಥೆಯನ್ನೂ ಬಿಡಲಿಲ್ಲ. "ನಮ್ಮಪ್ಪ ತೋಡಿದ ಮೊದಲನೇ ಬಾವಿ ಒಣಬಾವಿ ಮೇಡಂ" ಎಂದಾಗ ಗುಂಪಿನಲ್ಲಿ ಪಿಸುಮಾತು ಹರಿದಾಡಿತು. ದೊಡ್ಡಪ್ಪನ ಕಿವಿ ಕೆಂಪಾಯಿತು, ಆದರೆ ಮಾತು ನಿಲ್ಲಲಿಲ್ಲ.

ಮೇಡಂ ಗುಂಡು ಕಲ್ಲುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಗುಂಡಿಗೂ ಇಳಿದರು, ಬಾವಿಯ ಗೋಡೆಗೆ ಟಾರ್ಚು ಬಿಟ್ಟು ನೋಡಿದರು. ಮೇಲೆ ಬಂದಾಗ ಅವರ ಕಣ್ಣಿನಲ್ಲೂ ಬೆಳಕಿತ್ತು.

"ಯಜಮಾನ್ರೇ, ನೀವು ಹೇಳ್ತಿರೋದು ನಿಜ ಇರಬಹುದು. ಆದರೆ ನಾನು ಮೇಲಿನವರಿಗೆ ಬರೆದು ಕಳಿಸಬೇಕು. ಒಂದು ಒಣಗುಂಡಿ ನೋಡಿ ಅದನ್ನ ಹೊಳೆದಂಡೆ ಅನ್ನೋಕಾಗಲ್ಲ. ಅದೊಂದೇ ಕಡೆ ಜೇಡಿಮಣ್ಣಿನ ಗಡ್ಡೆ ಇರಬಹುದಲ್ಲ? ದಂಡೆ ಅಂದ್ರೆ ಗೆರೆ. ಬೀದಿ ಉದ್ದಕ್ಕೂ ಮೇಲುಸಾಲಲ್ಲಿ ಆಳದವರೆಗೂ ಜೇಡಿಮಣ್ಣೇ ಅಂತ ಗೊತ್ತಾಗಬೇಕು. ನಮ್ಮ ಬೈರಿಗೆ ಒಂದಾಳು ಆಳಕ್ಕೂ ಹೋಗಲ್ಲ. ಅಲ್ಲಿ ಇನ್ನೆಲ್ಲಾದ್ರೂ ಬಾವಿ ತೋಡಿ ನೋಡಿದಾರಾ?"

"ಇಲ್ಲ ಮೇಡಂ," ಕ್ಷೌರಿಕ ಹೇಳಿದ. "ಮೇಲುಸಾಲಲ್ಲಿ ಯಾರೂ ತೋಡಿಲ್ಲ. ಪಾತಾಳ ತೋಡಿದ ಬಾವಿಯೆಲ್ಲ ನೀರಿನ ಬಾವಿಗಳೇ. ನಲವತ್ತೊಂದಕ್ಕೆ ನಲವತ್ತೊಂದು."

"ಹಾಗಾದ್ರೆ ಕಷ್ಟ" ಎಂದು ಮೇಡಂ ನಿಜವಾಗಿ ಬೇಜಾರಿನಿಂದ ಕಾಗದ ಮಡಚತೊಡಗಿದರು.

ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ಕಟ್ಟೆಗಲ್ಲಿನ ಗುಳಿಗಳನ್ನು ನೋಡುತ್ತಿದ್ದರು, ಕೆಳಗಿನ ಸಾಲನ್ನು, ತಮ್ಮದನ್ನು. ಆಮೇಲೆ ನನಗೆ ಆಶ್ಚರ್ಯವಾಗುವಂತೆ ತಲೆಯೆತ್ತಿ ಜನರ ಮುಖ ನೋಡಿದರು. ಚಪ್ಪಲಿಯನ್ನಲ್ಲ, ಮುಖವನ್ನು.

"ಇನ್ನೆರಡಿವೆ," ಅಂದರು.

ಯಾರಿಗೂ ಅರ್ಥವಾಗಲಿಲ್ಲ.

"ಮೇಲುಸಾಲಲ್ಲಿ ಒಣಬಾವಿ ಇನ್ನೆರಡಿವೆ ಮೇಡಂ. ಎರಡನ್ನೂ ನಾನೇ ತೋಡಿದ್ದು. ಒಂದು ಶಾಲೆ ಹಿಂದೆ. ಆ ದೊಡ್ಡ ಮರದ ಬುಡದಲ್ಲಿ."

"ಸಸಿ ನೆಟ್ಟ ಗುಂಡಿ!" ಕ್ಷೌರಿಕ ಬಾಯಿ ತೆರೆದವನು ಮುಚ್ಚಲಿಲ್ಲ.

"ಸಸಿಗೆ ಯಾವನಾದ್ರೂ ಮೂರಾಳು ಗುಂಡಿ ತೋಡ್ತಾನಾ? ಶಾಲೆಗೊಂದು ಬಾವಿ ಆಗಲಿ ಅಂತ ರಜೆಯಲ್ಲಿ ಒಬ್ಬನೇ ತೋಡಿದೆ. ಬರೀ ಹಳದಿ ಜೇಡಿ, ಹನಿ ನೀರಿಲ್ಲ. ನಾಚಿಕೆಯಾಗಿ ಮುಚ್ಚಿ ಮೇಲೊಂದು ಸಸಿ ನೆಟ್ಟೆ. ಅಪ್ಪ ಬೇಡ ಅಂದಿದ್ರು, ಮೀರಿ ತೋಡಿದ್ದೆ. ಅಪ್ಪನಿಗೆ ಒಂದೂ ತಪ್ಪಿರಲಿಲ್ಲ, ನನಗೆ ತಪ್ಪಿತು ಅಂತ ಯಾರ ಹತ್ರ ಹೇಳಲಿ?"

"ಇನ್ನೊಂದು?" ಮೇಡಂ ಆಗಲೇ ಕಾಗದ ಬಿಚ್ಚಿದ್ದರು.

ದೊಡ್ಡಪ್ಪ ದೊಡ್ಡಮ್ಮನ ಕಡೆ ನೋಡಿದರು. "ನಮ್ಮ ಹಿತ್ತಲಲ್ಲಿ. ಬಟ್ಟೆ ಒಗೆಯೋ ಕಲ್ಲಿನ ಕೆಳಗೆ."

ಈಗ ತಿರುಗಿದ್ದು ದೊಡ್ಡಮ್ಮ. ಅವರ ಆ ಬಟ್ಟೆ ಒಗೆಯುವ ಕಲ್ಲು ಊರಿಗೇ ಗೊತ್ತು. ಮದುವೆಯಾದ ಮೊದಲ ವರ್ಷ ತವರಿಗೆ ಹೋಗಿ ಬರುವುದರೊಳಗೆ ಗಂಡ ತಂದು ಹಾಕಿಸಿದ ಚಪ್ಪಡಿ ಅಂತ ಎಷ್ಟು ಜನರಿಗೆ ಹೇಳಿಲ್ಲ ಅವರು!

"ನನ್ನ ಕಲ್ಲಿನ ಕೆಳಗೆ?"

"ಹೂಂ."

"ನಲವತ್ನಾಲ್ಕು ವರ್ಷದಿಂದ ನಾನು ಒಣಬಾವಿ ಮೇಲೆ ಬಟ್ಟೆ ಒಗೀತಿದೀನಾ?"

"ನೀನು ಬೀದಿ ದಾಟಿ ನೀರು ಹೊರೋದು ನೋಡೋಕಾಗ್ತಿರಲಿಲ್ಲ ಕಣೇ," ಅಂದರು ದೊಡ್ಡಪ್ಪ, ಇಡೀ ಊರು ಕೇಳುವಂತೆ. "ನೀನು ತವರಿಂದ ಬರೋದರೊಳಗೆ ಹಿತ್ತಲಲ್ಲಿ ನಿನಗೇ ಅಂತ ಒಂದು ಬಾವಿ ಮಾಡಿ ಇಡೋಣ ಅಂದ್ಕೊಂಡೆ. ಬಚ್ಚಲ ನೀರಿನ ಗುಂಡಿ ಅಂತ ನೆರೆಯವರಿಗೆ ಸುಳ್ಳು ಹೇಳಿದೆ. ನಾಲ್ಕು ಮಾರು ಹೋದೆ. ಬರಲಿಲ್ಲ. ನೀನು ಬರೋ ಹಿಂದಿನ ದಿನ ಮುಚ್ಚಿ ಕಲ್ಲು ಹಾಕಿದೆ."

ಯಾರೂ ನಗಲಿಲ್ಲ. ಕ್ಷೌರಿಕ ಕೂಡ ನಗಲಿಲ್ಲ, ಅದೇ ದೊಡ್ಡ ವಿಷಯ. ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ದಾರಿ ತೋರಿಸಲು ಮುಂದೆ ನಡೆದರು.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಮೈ ನವಿರೇಳಿಸುತ್ತದೆ. ಊರಿಗೆ ಊರೇ ಮೆರವಣಿಗೆಯ ಹಾಗೆ ಮೇಲುಸಾಲಿನ ಉದ್ದಕ್ಕೂ ಹೋಯಿತು. ದೊಡ್ಡಮ್ಮನ ಒಗೆಯುವ ಕಲ್ಲಿನ ಪಕ್ಕದ, ಹಿಂದೆ ತೋಡದ ನೆಲದಲ್ಲಿ ಬೈರಿಗೆ ಇಳಿಸಿದರು: ಹಳದಿ ಜೇಡಿ. ಕಲ್ಲನ್ನೇ ಸರಿಸಿ ಇಳಿಸಿದರು: ಕಲಸಿದ ಸಡಿಲ ಮಣ್ಣು, ದೊಡ್ಡಪ್ಪ ಹೇಳಿದ ಹಾಗೆ. ಶಾಲೆಯ ಹಿಂದೆ ಮರದಿಂದ ನಾಲ್ಕು ಹೆಜ್ಜೆ ಆಚೆ: ಹಳದಿ ಜೇಡಿ! ಮೇಡಂ ಮಂಡಿಯೂರಿ ಕೂತು ಊರಿನ ನಕ್ಷೆಯ ಮೇಲೆ ಮೂರು ಒಣಗುಂಡಿಗಳಿಗೆ ಕೆಂಪು ಚುಕ್ಕೆ ಇಟ್ಟರು, ಒಂಬತ್ತು ಬಾವಿಗಳಿಗೆ ನೀಲಿ ಚುಕ್ಕೆ. ಎರಡರ ಮಧ್ಯೆ ಪೆನ್ಸಿಲಿನಿಂದ ಗೆರೆ ಎಳೆದರು. ಗೆರೆ ಬಾಗಿತು, ಬೀದಿಯ ಮೇಲೇ ಹೋಯಿತು, ದೋಣಿಕಟ್ಟೆಯ ಕಲ್ಲನ್ನು ಮುಟ್ಟಿತು. ನಾನು ಕಿರುಚಿದ್ದು ಹೊಳೆಪಟ್ಟಿಯವರೆಗೆ ಕೇಳಿಸಿತಂತೆ.

"ಎಷ್ಟು ಹಳೇದು ಮೇಡಂ?" ಕೇಳಿದೆ.

"ಅದನ್ನ ಮಾರಿನಲ್ಲಿ ಹೇಳೋಕಾಗಲ್ಲ," ಎಂದು ಅವರು ದೊಡ್ಡಪ್ಪನ ಕಡೆ ನೋಡಿ ನಕ್ಕರು. "ಹೊಳೆ ಹೋದದ್ದು ಯಾವಾಗ ಅಂತ ತಿಳಿದವರು ಬಂದು ನೋಡ್ತಾರೆ. ಆದರೆ ಹೊಳೆ ಇದ್ದಾಗಲೂ ಊರಿತ್ತು ಅಂತ ಆ ದೋಣಿಕಟ್ಟೆ ಕಲ್ಲು ಹೇಳ್ತಿದೆ. ಬಾವಿ ಉಳಿಸೋಕೆ ನನಗೆ ಇಷ್ಟು ಸಾಕು. ಬರಿ ನೀರಿನ ಬಾವಿಗಳೇ ಇದ್ದಿದ್ರೆ ಏನೂ ಗೊತ್ತಾಗ್ತಿರಲಿಲ್ಲ ಯಜಮಾನ್ರೇ. ಹೊಳೆ ತೋರಿಸಿಕೊಟ್ಟಿದ್ದು ನಿಮ್ಮ ಒಣಬಾವಿಗಳು."

ಮರುದಿನ ಎಂಟು ಬಾವಿ ಮುಚ್ಚಿದರು. ಬಾಗಿನ ಬಾವಿಗೆ ಜಾಲರಿ ಬಂತು, ಕಟ್ಟೆಗಲ್ಲು ಇದ್ದಂತೆ ಉಳಿಯಿತು. ಮುಂದಿನ ವಾರ ನಲ್ಲಿಯೂ ಬಂತು, ದೊಡ್ಡಮ್ಮ ಮಸಿಯಲ್ಲಿ ಗುರುತು ಹಾಕಿದ ಜಾಗದಲ್ಲೇ. ಮೇಡಂ ಸೌಟನ್ನು ಕಚೇರಿಯಲ್ಲಿ ಇಡಲು ಕೇಳಿದ್ದರು. "ಅದು ಅತ್ತೆದು, ಈಗಷ್ಟೆ ಮನೆಗೆ ಬಂದಿದೆ" ಎಂದು ದೊಡ್ಡಮ್ಮ ಕೊಡಲಿಲ್ಲ.

ಒಂದು ಸಂಜೆ ಪುಸ್ತಕಾಲಯ ಮುಚ್ಚಿ ಬರುವಾಗ ಬಾಗಿನಲ್ಲಿ ಉಳಿಯ ಸದ್ದು ಕೇಳಿಸಿತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತು, ಅಜ್ಜನ ಇಪ್ಪತ್ತೊಂಬತ್ತು ಗುಳಿಗಳ ಎಡಕ್ಕೆ, ಮೊದಲನೆಯದಕ್ಕೂ ಮುಂಚೆ, ಇನ್ನೊಂದು ಗುಳಿ ಕೊರೆಯುತ್ತಿದ್ದರು. ಕೆಳಗಿನ ಸಾಲಿನಲ್ಲಿ ತಮ್ಮವು ಎರಡು ಆಗಲೇ ಮುಗಿದಿದ್ದವು.

"ಅಪ್ಪನದು ಮೂವತ್ತು, ನಂದು ನಲವತ್ಮೂರು," ಅಂದರು. "ಒಂದು ಮಾತು ಹೇಳಿಬಿಟ್ಟಿದ್ರೆ ಏನಾಗ್ತಿತ್ತು ಅವರಿಗೆ? ನಾನೂ ಹೇಳ್ತಿದ್ದೆ. ಐವತ್ತು ವರ್ಷ ಅವರ ಕೆಳಗಿನ ಸಾಲಲ್ಲಿ ಕೂತಿದ್ದೆ ಕಣೇ. ಇವತ್ತು ಪಕ್ಕದಲ್ಲಿ ಕೂತ ಹಾಗಿದೆ."

ಅವರ ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದರು. ಇಬ್ಬರೂ ಜೊತೆಯಾಗಿ ಮನೆಗೆ ಹೋದೆವು. ಹಿತ್ತಲಿನಲ್ಲಿ ದೊಡ್ಡಮ್ಮ ಒಗೆಯುವ ಕಲ್ಲಿನ ಮೇಲಿನ ಬಟ್ಟೆಯನ್ನೆಲ್ಲ ತೆಗೆದು, ಕಲ್ಲನ್ನು ತಿಕ್ಕಿ ತೊಳೆದು, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟುಕೊಂಡು ಕಾಯುತ್ತಿದ್ದರು. ದೊಡ್ಡಪ್ಪನ ಕೈಯಲ್ಲಿನ ಉಳಿ ನೋಡಿ ಕಲ್ಲಿನ ಮೂಲೆಗೆ ಬೆರಳಿಟ್ಟರು.

"ಅಲ್ಲಿ ಊರಿಗೆಲ್ಲ ಕಾಣೋ ಹಾಗೆ ಹಾಕಿದ್ದಾಯ್ತಲ್ಲ, ಇಲ್ಲೂ ಒಂದು ಗುಳಿ ಹಾಕಿ. ಇದು ನನ್ನ ಬಾವಿ."

ದೊಡ್ಡಪ್ಪ ಕಲ್ಲಿನ ಮುಂದೆ ಕೂತು ಉಳಿಗೆ ಮೊದಲ ಪೆಟ್ಟು ಹಾಕಿದರು. ಕಲ್ಲಿನ ಪುಡಿ ಏಳದಂತೆ ದೊಡ್ಡಮ್ಮ ಚೊಂಬಿನಿಂದ ಸ್ವಲ್ಪ ಸ್ವಲ್ಪವಾಗಿ ನೀರು ಹುಯ್ಯುತ್ತಿದ್ದರು.